ಹೆಣ ಯಾವ ಹೊಳೆಯದು?

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು ಇಪ್ಪತ್ತು ಕಿಲೋಮೀಟರ್. ಮೇಷ್ಟರಾಗಿ ದಿನವೂ ಓಡಾಡಿದ ಆ ಬಸ್ಸಿನಲ್ಲಿ ಉತ್ತರಪತ್ರಿಕೆ ತಿದ್ದುತ್ತೇನೆಂದು ಹೊರಟವನು ಕೊನೆಗೆ ಬಿಚ್ಚುತ್ತಿದ್ದದ್ದು ಪತ್ತೇದಾರಿ ಕಾದಂಬರಿಯನ್ನೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ನೂರಾರು ಕಾದಂಬರಿ ಬರೆದ ಎನ್. ನರಸಿಂಹಯ್ಯನವರಿಗೆ ನನ್ನ ಎಷ್ಟೋ ಸ್ಟಾಪುಗಳು ಅರ್ಪಿತವಾಗಿವೆ, ಇಳಿಯುವುದನ್ನೇ ಮರೆತಿದ್ದೇನೆ. ಆದರೆ ಅವರ ಪತ್ತೇದಾರ ಪುರುಷೋತ್ತಮ ನನ್ನ ನೆನಪಿನಲ್ಲಿ ಉಳಿದದ್ದು ಒಂಟಿಯಾಗಿಯೇ. ಅವನೊಡನೆ ಸರಿಸಮ ಜಗಳವಾಡುವವರು ಯಾರೂ ನೆನಪಾಗುವುದಿಲ್ಲ.

ಆ ಜಗಳ ನನಗೆ ಸಿಕ್ಕಿದ್ದು 2019ರಲ್ಲಿ, ಹೇಮಂತ್ ರಾವ್ ಅವರ ‘ಕವಲುದಾರಿ’ ಸಿನಿಮಾದಲ್ಲಿ. ನೆಲ ಅಗೆದಲ್ಲಿ ಮೂವರ ಅಸ್ಥಿ ಸಿಗುತ್ತದೆ. ಕೊಲೆ ನಡೆದು ನಲವತ್ತು ವರ್ಷವಾಗಿದೆ. ಬೆನ್ನು ಹತ್ತುವವನು ಟ್ರಾಫಿಕ್ ಎಸ್‌ಐ ಶ್ಯಾಮ್. ಅವನಿಗೆ ಸಿಗುವ ಜೊತೆಗಾರ ನಿವೃತ್ತ ಇನ್‌ಸ್ಪೆಕ್ಟರ್ ಮುತ್ತಣ್ಣ, ಅಂದರೆ ಅನಂತನಾಗ್. ಒಬ್ಬನಿಗೆ ಕ್ರೈಂ ವಿಭಾಗ ಇನ್ನೂ ಸಿಕ್ಕಿಲ್ಲ, ಇನ್ನೊಬ್ಬನನ್ನು ಅದು ಇನ್ನೂ ಬಿಟ್ಟಿಲ್ಲ. ಆ ಕೇಸಿನ ಮೇಲೆ ಇಬ್ಬರಿಗೂ ಹಕ್ಕಿಲ್ಲ. ಹಕ್ಕಿದ್ದವರು ಕಡತ ಮುಚ್ಚಿ ಊಟಕ್ಕೆ ಹೋಗುತ್ತಾರೆ. ಇಲ್ಲದವರಿಗೇ ನಿದ್ದೆ ಬರುವುದಿಲ್ಲ. ಸ್ವಭಾವ ಹೊಂದದ ಇಬ್ಬರನ್ನು ಕಟ್ಟಿಹಾಕುವುದು ಸ್ನೇಹವಲ್ಲ, ಈ ಬೇಡದ ಉಸಾಬರಿ.

ನಮ್ಮೂರಿಗೂ ಅಂಥದೊಂದು ಜೋಡಿ ಬೇಡವೇ? ಬಸ್ಸಿನಲ್ಲೇ ಕಟ್ಟಿದೆ. ತುಂಗೆಯ ನೀರು ಕುಡಿದ, ಮಾತಿಗೊಮ್ಮೆ ಕಾನೂನು ಹೇಳುವ ಶಿವಮೊಗ್ಗದ ಇನ್‌ಸ್ಪೆಕ್ಟರು. ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದು ಅರ್ಧ ಊರನ್ನು ಹೆಸರು ಹಿಡಿದು ಕರೆಯುವ ಭದ್ರಾವತಿಯ ದಫೇದಾರ. ಕೂಡ್ಲಿಯ ಸಂಗಮದಿಂದ ತುಸು ಕೆಳಗೆ ಒಂದು ಹೆಣ. ಗಾಜನೂರಿನ ಕಡೆಯಿಂದ ತುಂಗೆ ತಂದಿತೋ, ಲಕ್ಕವಳ್ಳಿಯ ಕಡೆಯಿಂದ ಭದ್ರೆ ತಂದಿತೋ? ಇಬ್ಬರೂ ಅದನ್ನು ಎದುರು ಹೊಳೆಯ ತಲೆಗೆ ಕಟ್ಟಲು ನೋಡುತ್ತಾರೆ.

ಇದಕ್ಕೆ ಉತ್ತರ ಮೂಳೆಯ ಮಜ್ಜೆಯಲ್ಲಿದೆ. ಹೊಳೆಯ ನೀರಿನಲ್ಲಿ ಡಯಾಟಮ್ ಎಂಬ, ಗಾಜಿನಂಥ ಚಿಪ್ಪಿನ, ಕಣ್ಣಿಗೆ ಕಾಣದ ಪಾಚಿಯಿರುತ್ತದೆ. ಜೀವ ಇದ್ದವನು ಮುಳುಗಿದರೆ ಶ್ವಾಸಕೋಶಕ್ಕೆ ಹೊಕ್ಕ ಪಾಚಿಯನ್ನು ರಕ್ತ ಮಜ್ಜೆಯವರೆಗೆ ಒಯ್ಯುತ್ತದೆ. ಕೊಂದು ಎಸೆದರೆ ಹೃದಯವೇ ನಿಂತಿದೆ, ಒಯ್ಯುವವರಾರು? ನೀರಿನಿಂದ ನೀರಿಗೆ ಪಾಚಿಯ ಬಗೆ ಬೇರೆಯಾದ್ದರಿಂದ ಮುಳುಗಿದ ಜಾಗವನ್ನೂ ಊಹಿಸಬಹುದು. ಇದೊಂದನ್ನೇ ನೆಚ್ಚಬಾರದು ಎನ್ನುವ ತಜ್ಞರೂ ಇದ್ದಾರೆ. ಇರಲಿ, ನನ್ನ ಕಾದಂಬರಿಗೆ ಇಷ್ಟು ಸಾಕು.

ಪಕ್ಕದ ಮನೆಯ ನಿವೃತ್ತ ದಫೇದಾರರಿಗೆ ಕಥೆ ಒಪ್ಪಿಸಿದೆ. ಲೋಟದ ಕಾಫಿ ಆರುವವರೆಗೆ ಕೇಳಿದರು. ಸರಹದ್ದಿನ ಜಗಳವನ್ನು ಮಾತ್ರ ಒಪ್ಪಲಿಲ್ಲ.

“ಈಗ ಜೀರೋ ಎಫ್‌ಐಆರ್ ಇದೆ ಮೇಷ್ಟ್ರೇ. ಯಾವ ಠಾಣೇಲಾದ್ರೂ ಬರ್ಕೊಳ್ಳಲೇಬೇಕು.”

2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲೇ ಅದು ಸೇರಿದೆಯಂತೆ. ನನ್ನ ಮೊದಲ ಮೂರು ಅಧ್ಯಾಯ ಅಲ್ಲಿಗೇ ಮುಳುಗಿದವು.

“ಹೋಗ್ಲಿ, ಹೆಣ ಮೊದಲು ಕಂಡಿದ್ದು ಯಾರಿಗೆ?”

ನಾನು ಯೋಚಿಸಿರಲಿಲ್ಲ. “ಮೀನು ಹಿಡಿಯೋರಿಗೆ, ಅಂದ್ಕೊಳ್ಳಿ.”

“ಅವರ ಹೇಳಿಕೆ ತಗೊಂಡ್ರಾ?”

“ಇಲ್ಲ.”

ದಫೇದಾರರು ಲೋಟ ಕೆಳಗಿಟ್ಟು ಗಡಿಯಾರ ನೋಡಿದರು. “ನಾಳೆ ಬೆಳಗ್ಗೆ ತಯಾರಾಗಿರಿ. ಕೂಡ್ಲಿಗೆ ಹೋಗಿ ಜಾಗ ನೋಡ್ಕೊಂಡೇ ಬರೋಣ.”