ನಿಲ್ಲದೆ ಹೋದ ಗಾಡಿ

2025ನೆಯ ಇಸವಿ ಅಕ್ಟೋಬರ್ 27ರ ರಾತ್ರಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಪಟ್ಟಣದ 16ನೆಯ ಬೀದಿಯಲ್ಲಿ ಒಂದು ಬೆಕ್ಕು ಸತ್ತಿತು. ಕಿಟ್‌ಕ್ಯಾಟ್ ಎಂಬುದು ಅದರ ಹೆಸರು. ಮಿಷನ್ ಎಂಬ ಕೇರಿಯ ದಿನಸಿ ಅಂಗಡಿಯೊಂದು ಅದರ ಮನೆ. ಹಾದುಹೋಗುವವರೆಲ್ಲರೂ ಅದರ ನೆಂಟರು. ನಡೆಸುವವನಿಲ್ಲದೆ ತಾನಾಗಿ ನಡೆಯುವ ವೇಮೋ ಕಂಪನಿಯ ಮೋಟಾರೊಂದು ಜನರನ್ನು ಹತ್ತಿಸಿಕೊಳ್ಳಲು ಅಲ್ಲಿ ನಿಂತಿದ್ದಿತು. ಅದು ಹೊರಡುವ ಹೊತ್ತಿಗೆ ಬೆಕ್ಕು ಅಡಿಯಲ್ಲಿತ್ತು. ಆ ಗಾಡಿಗೆ ಸುತ್ತಲೂ ಕ್ಯಾಮೆರಾ, ರೇಡಾರ್, ಲೇಸರ್ ಕಿರಣಗಳೆಂಬ ಕಣ್ಣುಗಳುಂಟು. ಆದರೂ ಬೆಕ್ಕು ಉಳಿಯಲಿಲ್ಲ.

ಕೇರಿಗೆ ಕೇರಿಯೇ ಮರುಗಿತು. ಅಂಗಡಿಯ ಮುಂದೆ ಹೂವು, ಮೇಣದ ಬತ್ತಿ, ಕೈಬರಹದ ಚೀಟಿಗಳು ಸೇರಿದವು. ಇಂತಹ ವಾಹನಗಳು ಬೇಕೋ ಬೇಡವೋ ಎಂಬುದನ್ನು ಆಯಾ ಕೌಂಟಿಯ ಮತದಾರರೇ ನಿರ್ಣಯಿಸುವಂತಾಗಬೇಕೆಂದು ನಗರದ ಆಡಳಿತ ಮಂಡಲಿಯ ಸದಸ್ಯೆ ಜಾಕಿ ಫೀಲ್ಡರ್ ಅವರು ಒತ್ತಾಯಿಸಿದರು. ಕಂಪನಿಯು ಸಂತಾಪ ಸೂಚಿಸಿ, ಪ್ರಾಣಿಗಳ ಹಿತಕ್ಕಾಗಿ ದುಡಿಯುವ ಸಂಸ್ಥೆಯೊಂದಕ್ಕೆ ದಾನ ಕೊಡುವುದಾಗಿ ತಿಳಿಸಿತು. ಮನುಷ್ಯರು ನಡೆಸುವ ಮೋಟಾರುಗಳಿಗೆ ಎಷ್ಟೋ ಬೆಕ್ಕುಗಳು ಸಿಕ್ಕಿ ಸಾಯುತ್ತಿರುವಾಗ ಇದೊಂದಕ್ಕೇಕೆ ಇಷ್ಟು ಗದ್ದಲವೆಂದು ಕೇಳಿದವರೂ ಉಂಟು.

ವರ್ತಮಾನವನ್ನು ಓದಿ ಮೊದಲು ನಾನೂ ಹಾಗೆಯೇ ಅಂದುಕೊಂಡೆನು. ಆಮೇಲೆ ಹಳೆಯದೊಂದು ಸಂಗತಿ ನೆನಪಿಗೆ ಬಂದು ಮನಸ್ಸು ಕುಗ್ಗಿತು.

ಕೆಲವು ವರ್ಷಗಳ ಹಿಂದೆ ನೆಂಟರ ಮದುವೆಗೆಂದು ಬಾಡಿಗೆಯ ಕಾರಿನಲ್ಲಿ ತುಮಕೂರಿನಿಂದ ತಿಪಟೂರಿಗೆ ಹೊರಟಿದ್ದೆವು. ಇನ್ನೂ ಬೆಳಕು ಹರಿದಿರಲಿಲ್ಲ. ರಸ್ತೆಗೆ ಅಡ್ಡ ಬಂದ ನಾಯಿಯೊಂದು ಚಕ್ರಕ್ಕೆ ಸಿಕ್ಕಿತು. ಕಾರಿನವನು ವೇಗವನ್ನು ತಗ್ಗಿಸಿ, ನಿಲ್ಲಿಸಲೇ ಎಂಬಂತೆ ನನ್ನ ಕಡೆ ತಿರುಗಿದನು. “ಮುಹೂರ್ತ ಮೀರುತ್ತದೆ, ನಡೆಯಪ್ಪ” ಎಂದವನು ನಾನು. ಹಿಂದೆ ಕುಳಿತಿದ್ದ ನಮ್ಮ ತಾಯಿ ತಿರುವು ಬರುವವರೆಗೂ ಹಿಂದಿರುಗಿ ನೋಡುತ್ತಿದ್ದರು. ಮದುವೆಯೂಟದಲ್ಲಿ ಅವರು ಸಿಹಿಯನ್ನು ಮುಟ್ಟಲಿಲ್ಲ. ಏಕೆಂದು ನಾನು ಕೇಳಲಿಲ್ಲ; ಅವರೂ ಹೇಳಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

ಆ ಪಟ್ಟಣದವರ ಸಿಟ್ಟು ಬೆಕ್ಕಿನ ಸಾವಿಗಷ್ಟೇ ಅಲ್ಲವೆಂದು ನನಗೆ ತೋರುತ್ತದೆ. ಇಳಿದು ಬಗ್ಗಿ ನೋಡುವುದಕ್ಕೆ, ‘ಅಯ್ಯೋ’ ಎನ್ನುವುದಕ್ಕೆ ಆ ಗಾಡಿಯನ್ನು ನಡೆಸುವವರು ಯಾರೂ ಇರಲಿಲ್ಲವೆಂಬುದು ಅವರ ಸಂಕಟ. ಅದು ನ್ಯಾಯವೇ. ಆದರೆ ನಮ್ಮ ಕಾರಿನಲ್ಲಿ ಐದು ಮಂದಿ ಇದ್ದೆವು.

ಕಳೆದ ತಿಂಗಳು ಅದೇ ರಸ್ತೆಯಲ್ಲಿ ಹೋಗುವಾಗ ಆ ತಿರುವಿನಲ್ಲಿ ಗಾಡಿಯನ್ನು ನಿಲ್ಲಿಸೆಂದೆನು. ಮಗನು ಏಕೆಂದು ಕೇಳಿದನು. ಅವನಿಗೆ ಎಲ್ಲವನ್ನೂ ಹೇಳಿದೆನು.