ಬೀಗ ಇದೆ, ಕೀಲಿಕೈ ಯಾರ ಹತ್ತಿರ?

ಮೊನ್ನೆ ಅಮ್ಮನ ಫೋನಿನಲ್ಲಿ ವಾಟ್ಸಾಪ್ ಬ್ಯಾಕಪ್ ಸೆಟ್ಟಿಂಗ್ ತೆಗೆದು ನೋಡಿದೆ. ಮೆಸೇಜುಗಳಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಇದೆಯಲ್ಲ ಎಂದು ಇಷ್ಟು ದಿನ ನೆಮ್ಮದಿಯಾಗಿದ್ದೆ. ಗೂಗಲ್ ಖಾತೆಗೆ ಹೋಗುವ ಬ್ಯಾಕಪ್‌ಗೆ ಆ ರಕ್ಷಣೆ ಹಾಕಿರಲೇ ಇಲ್ಲ. 2021ರಿಂದ ಸೌಲಭ್ಯವಿದೆ, ಆನ್ ಮಾಡಿರಲಿಲ್ಲ ಅಷ್ಟೇ. ಅವಳ ಸ್ಕ್ಯಾನಿಂಗ್ ರಿಪೋರ್ಟು, ಪಾಸ್‌ಬುಕ್ಕಿನ ಫೋಟೋ, ಅಕ್ಕನ ಹತ್ತಿರ ಹೇಳಿಕೊಂಡ ಕಷ್ಟಸುಖ, ಎಲ್ಲ ಅದರಲ್ಲೇ ಇತ್ತು.

ಕ್ಲೌಡ್‌ನಲ್ಲಿಟ್ಟದ್ದು ಎನ್‌ಕ್ರಿಪ್ಟ್ ಆಗಿದೆ ಎಂದು ಕಂಪನಿಗಳು ಹೇಳುವುದು ಸುಳ್ಳಲ್ಲ. ಆದರೆ ಕೀಲಿಕೈ ಅವರ ಬಳಿಯೂ ಇದ್ದರೆ ಅವರು ತೆರೆಯಬಲ್ಲರು. ಸರ್ಕಾರ ಆದೇಶ ತಂದರೆ ತೆರೆದು ಕೊಡಬೇಕಾಗುತ್ತದೆ. ಕೀಲಿಕೈ ನಮ್ಮ ಕೈಯಲ್ಲಿ ಮಾತ್ರ ಇದ್ದಾಗ, ಒತ್ತಾಯ ಮಾಡಿದರೂ ಓದಲು ಬರುವಂಥದ್ದೇನೂ ಅವರಲ್ಲಿರುವುದಿಲ್ಲ.

ಬ್ರಿಟನ್ನಿನಲ್ಲಿ ಆದದ್ದು ಇದೇ ಜಗಳ. ಐಕ್ಲೌಡ್‌ನ ಫೋಟೋ, ಬ್ಯಾಕಪ್, ನೋಟ್ಸ್‌ಗಳ ಕೀಲಿಕೈಯನ್ನು ಬಳಕೆದಾರರಿಗೇ ಬಿಡುವ ‘ಅಡ್ವಾನ್ಸ್‌ಡ್ ಡೇಟಾ ಪ್ರೊಟೆಕ್ಷನ್’ ಅನ್ನು 2025ರ ಫೆಬ್ರವರಿಯಲ್ಲಿ ಆ್ಯಪಲ್ ಅಲ್ಲಿನ ಹೊಸ ಬಳಕೆದಾರರಿಗೆ ನಿಲ್ಲಿಸಿತು. 2016ರ ಕಾನೂನು ಮುಂದಿಟ್ಟು ಸರ್ಕಾರ ಗುಟ್ಟಾಗಿ ಒಳದಾರಿ ಕೇಳಿತ್ತೆಂದು ವರದಿಗಳು ಬಂದಿದ್ದವು. ಪೊಲೀಸರಿಗೆಂದು ಇಟ್ಟ ಹಿತ್ತಿಲ ಬಾಗಿಲು ಕಳ್ಳನಿಗೂ ಬಾಗಿಲೇ. ಅಪರಾಧ ಹಿಡಿಯಬೇಕೆಂಬ ಕಾಳಜಿ ನನಗೂ ಅರ್ಥವಾಗುತ್ತದೆ, ಆದರೂ ಈ ಬೆಲೆ ತುಂಬಾ ದೊಡ್ಡದು.

ಅಮ್ಮನ ಬ್ಯಾಕಪ್‌ಗೆ ಈಗ ಪಾಸ್‌ವರ್ಡ್ ಹಾಕಿದ್ದೇವೆ. ಅದು ಮರೆತು ಫೋನೂ ಕಳೆದರೆ ಕಂಪನಿಯವರೂ ತೆಗೆದುಕೊಡಲಾರರು ಎಂದೆ. ದಿನಸಿ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದು, ಬೀರುವಿನೊಳಗಿಟ್ಟಳು.