ದುಡಿಯುವ ಗುಡ್ಡದ ಮೇಲೆ ಅಪ್ಪ

ಅಪ್ಪ, ಅಮ್ಮ ಪ್ಯಾರಿಸಿನ ನಮ್ಮ ಮನೆಗೆ ಬಂದು ಹತ್ತು ದಿನವಾಗಿತ್ತು. ಐಫೆಲ್ ಗೋಪುರ ನೋಡಿಯಾಗಿತ್ತು, ಸೇನ್ ನದಿಯಲ್ಲಿ ದೋಣಿ ಹತ್ತಿಯಾಗಿತ್ತು. ಅಪ್ಪ ಎಲ್ಲವನ್ನೂ ಕೈ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದ. "ಚೆನ್ನಾಗೈತೆ" ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಮೊಳಕಾಲ್ಮುರಿನ ನಮ್ಮ ಮನೆಯಲ್ಲಿ ನಲವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತು ರೇಷ್ಮೆ ಸೀರೆ ನೇಯ್ದ ಮನುಷ್ಯ ಆತ. ಆದರೆ ಹೊರಗಿನವರ ಮುಂದೆ ಆ ಮಾತು ಎತ್ತುತ್ತಿರಲಿಲ್ಲ. ವೀಸಾ ಅರ್ಜಿಯಲ್ಲಿ ಉದ್ಯೋಗ ಎನ್ನುವ ಕಡೆ ನಾನು 'ನೇಕಾರ' ಎಂದು ಬರೆಯಹೋದಾಗ, "ನಿವೃತ್ತ ಅಂತ ಹಾಕು, ಸಾಕು" ಅಂದಿದ್ದ. ಕೂಲಿ ನೇಯ್ಗೆಯ ವರ್ಷಗಳಲ್ಲಿ ಅವನು ಉಂಡ ಕಷ್ಟ ನನಗೆ ಗೊತ್ತಿತ್ತು. ಸುಮ್ಮನೆ ಹಾಗೇ ಬರೆದೆ.

ಲಿಯಾನ್ ನಗರಕ್ಕೆ ಹೋಗೋಣ ಎಂದು ನಾನು ಹಟ ಹಿಡಿದದ್ದು ಅದಕ್ಕೇ. ರೈಲಿನಲ್ಲಿ ಎರಡು ಗಂಟೆಯ ದಾರಿ. ಎರಡು ದಿನದ ಬಿಡುವು. ಅಮ್ಮ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡಳು.

ಲಿಯಾನಿನಲ್ಲಿ ಎರಡು ಗುಡ್ಡಗಳಿವೆ. ಫೂರ್ವಿಯೇರ್ ಪ್ರಾರ್ಥಿಸುವ ಗುಡ್ಡ, ಕ್ರುವಾ ರೂಸ್ ದುಡಿಯುವ ಗುಡ್ಡ ಎಂದು ಊರವರ ಮಾತು. ಮೊದಲ ದಿನ ಪ್ರಾರ್ಥಿಸುವ ಗುಡ್ಡಕ್ಕೆ ಹೋದೆವು. ಮೇಲಿನ ಬಿಳಿ ಚರ್ಚಿನ ಕತೆ ಕೇಳಿ ಅಮ್ಮ ಕೈ ಮುಗಿದಳು. 1870ರಲ್ಲಿ ಪ್ರಶ್ಯದ ಸೇನೆ ಫ್ರಾನ್ಸಿನೊಳಗೆ ನುಗ್ಗಿದ್ದಾಗ, ನಮ್ಮ ಊರು ಉಳಿದರೆ ಗುಡಿ ಕಟ್ಟಿಸುತ್ತೇವೆ ಎಂದು ಇಲ್ಲಿನವರು ಮೇರಿ ತಾಯಿಗೆ ಹರಕೆ ಹೊತ್ತರಂತೆ. ಊರು ಉಳಿಯಿತು, 1872ರಲ್ಲಿ ಕಟ್ಟಡ ಶುರುವಾಯಿತು. "ಹರಕೆ ತೀರಿಸಿದ್ರಲ್ಲ, ಒಳ್ಳೇ ಜನ" ಅಂದಳು ಅಮ್ಮ. ಕೆಳಗೆ ಕೆಂಪು ಹೆಂಚಿನ ಮನೆಗಳು, ಊರನ್ನು ಸೀಳಿಕೊಂಡು ಹರಿಯುವ ಸೋನ್ ಮತ್ತು ರೋನ್ ನದಿಗಳು. ಮುಂದೆ ಎರಡೂ ಒಂದಾಗುತ್ತವೆ ಎಂದೆ. "ನಮ್ಮ ತುಂಗೆ, ಭದ್ರೆ ಕೂಡ್ಲಿಯಾಗೆ ಸೇರ್ದಂಗೆ" ಎಂದು ಅವಳೇ ಹೋಲಿಸಿಕೊಂಡಳು. ಅಪ್ಪ ಮಾತ್ರ ಎದುರಿನ ಗುಡ್ಡ ನೋಡುತ್ತಿದ್ದ. ಅಲ್ಲಿನ ಮನೆಗಳಿಗೆ ಅಷ್ಟು ಎತ್ತರದ ಕಿಟಕಿಗಳು ಯಾಕೆ ಎಂದು ಕೇಳಿದ. "ನಾಳೆ ಹೇಳ್ತೀನಿ" ಅಂದೆ.

ಮರುದಿನ ಹಲ್ಲುಕಂಬಿ ಕಚ್ಚಿಕೊಂಡು ಏರುವ ಮೆಟ್ರೊದಲ್ಲಿ ಕ್ರುವಾ ರೂಸ್ ಹತ್ತಿದೆವು. ಹತ್ತೊಂಬತ್ತನೆಯ ಶತಮಾನದಲ್ಲಿ ಲಿಯಾನಿನ ರೇಷ್ಮೆ ನೇಕಾರರು ತುಂಬಿಕೊಂಡಿದ್ದ ಗುಡ್ಡ ಅದು. ಅವರನ್ನು 'ಕನ್ಯು' ಎಂದು ಕರೆಯುತ್ತಿದ್ದರು. ಮೇಲಿನ ಚೌಕದಲ್ಲಿ ಒಂದು ಪ್ರತಿಮೆ ಇದೆ. ಅಪ್ಪನನ್ನು ಅದರ ಮುಂದೆ ನಿಲ್ಲಿಸಿ, "ಇವರೇ ಕಣಪ್ಪಾ ಜಕಾರ್ಡ್" ಅಂದೆ.

ಅಪ್ಪ ತಿರುಗಿ ನನ್ನ ಮುಖ ನೋಡಿದ. "ಜಕಾರ್ಡ್ ಅಂದ್ರೆ ಮನುಷ್ಯನಾ?"

ನಮ್ಮ ಮಗ್ಗದ ನೆತ್ತಿಯ ಮೇಲಿನ ಪೆಟ್ಟಿಗೆಗೆ ಅವನು ಬದುಕಿಡೀ ಜಕಾರ್ಡ್ ಎಂದೇ ಕರೆದಿದ್ದ. ಪ್ರತಿ ಆಯುಧಪೂಜೆಗೂ ಅದಕ್ಕೆ ಕುಂಕುಮ ಹಚ್ಚಿ ಹೂ ಮುಡಿಸಿದ್ದ. ಅದು ಯಂತ್ರದ ಹೆಸರು ಎಂದೇ ತಿಳಿದಿದ್ದ. ಜೋಸೆಫ್ ಮಾರಿ ಜಕಾರ್ಡ್ 1752ರಲ್ಲಿ ಇದೇ ಲಿಯಾನಿನಲ್ಲಿ ನೇಕಾರನ ಮಗನಾಗಿ ಹುಟ್ಟಿದವನು, 1804ರ ಹೊತ್ತಿಗೆ ಈ ಮಗ್ಗ ಮಾಡಿದ ಎಂದು ವಿವರಿಸಿದೆ. ಅದಕ್ಕೂ ಮೊದಲು, ಬುಟ್ಟಾ ಮೂಡಲು ಬೇಕಾದ ಹಾಸಿನ ಎಳೆಗಳನ್ನು ಎತ್ತಲು ಮಗ್ಗದ ಪಕ್ಕದಲ್ಲಿ ಮಕ್ಕಳು ನಿಂತು ದಿನವಿಡೀ ಹಗ್ಗ ಜಗ್ಗಬೇಕಿತ್ತು. ಜಕಾರ್ಡ್ ಆ ಕೆಲಸವನ್ನು ತೂತು ಹೊಡೆದ ರಟ್ಟಿನ ಕಾರ್ಡುಗಳಿಗೆ ಒಪ್ಪಿಸಿದ. ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಇದನ್ನು ಅಪ್ಪನಿಗೆ ನಾನು ಹೇಳಿಕೊಡಬೇಕಿರಲಿಲ್ಲ. ಅವನು ಕೇಳಿದ್ದು ಮಕ್ಕಳ ಮಾತನ್ನು. ನಾನೂ ಚಿಕ್ಕವನಿದ್ದಾಗ ಶಾಲೆಗೆ ಹೋಗುವ ಮುಂಚೆ ಅವನ ಪಕ್ಕದಲ್ಲಿ ಕೂತು ಅಂಚಿನ ಲಾಳಿ ಹಿಂತಿರುಗಿಸುತ್ತಿದ್ದೆ. ಅಪ್ಪ ಪ್ರತಿಮೆಯ ಮುಂದೆ ಚಪ್ಪಲಿ ಬಿಟ್ಟು ನಿಂತ.

ಆಮೇಲೆ ನೇಕಾರರ ಹಳೆಯ ಮನೆಗಳ ನಡುವೆ ನಡೆದೆವು. ಜಕಾರ್ಡ್ ಮಗ್ಗ ಹಿಡಿಸಲೆಂದೇ ನಾಲ್ಕು ಮೀಟರಿನಷ್ಟು ಎತ್ತರದ ಸೂರು, ಬೆಳಕಿಗಾಗಿ ಆ ಉದ್ದನೆಯ ಕಿಟಕಿಗಳು. ಅಪ್ಪ ಕತ್ತೆತ್ತಿ ನೋಡಿ ಅಂದ: "ಇವ್ರು ಸೂರು ಎತ್ತಿದ್ರು, ನಾವು ನೆಲ ಅಗೆದ್ವಿ. ಹೆಂಗಾರ ಮಗ್ಗಕ್ಕೆ ಜಾಗ ಮಾಡ್ಬೇಕಲ್ಲ."

ಮನೆಗಳ ಒಳಗೊಳಗೇ ಒಂದು ಬೀದಿಯಿಂದ ಇನ್ನೊಂದಕ್ಕೆ ದಾಟಿಸುವ ಓಣಿಗಳಿವೆ, ತ್ರಾಬೂಲ್ ಎನ್ನುತ್ತಾರೆ. ನೇಯ್ದ ರೇಷ್ಮೆಯನ್ನು ಮಳೆಗೆ ನೆನೆಯದಂತೆ ಕೆಳಗಿನ ವ್ಯಾಪಾರಿಗೆ ಮುಟ್ಟಿಸಲು ಒದಗಿದ ದಾರಿ. ಕೂರ್ ದೆ ವೊರಾಸ್ ಎಂಬ ಅಂಗಳದ ದೊಡ್ಡ ಕಲ್ಲುಮೆಟ್ಟಿಲ ಮೇಲೆ ಕೂತು ಚಪಾತಿ ಬಿಚ್ಚಿದೆವು. ರೇಷ್ಮೆ ಕೊಡುವವನು ವ್ಯಾಪಾರಿ, ಮಗ್ಗ ನೇಕಾರನದು, ಕೂಲಿ ಮಾತ್ರ ವ್ಯಾಪಾರಿ ಹೇಳಿದಷ್ಟು ಎಂದು ಅಲ್ಲಿ ಅಪ್ಪನಿಗೆ ಹೇಳಿದೆ. ಒಂದು ಕನಿಷ್ಠ ದರ ಗೊತ್ತುಮಾಡಿ ಎಂದು ಇವರು ಕೇಳಿದರು. ದರ ಗೊತ್ತಾಯಿತು, ಆದರೆ ಎಷ್ಟೋ ವ್ಯಾಪಾರಿಗಳು ಅದನ್ನು ಒಪ್ಪಲಿಲ್ಲ. 1831ರ ನವೆಂಬರಿನಲ್ಲಿ ನೇಕಾರರು ಗುಡ್ಡ ಇಳಿದು ನಗರವನ್ನೇ ಕೆಲವು ದಿನ ಕೈಗೆ ತೆಗೆದುಕೊಂಡರು. ಸೇನೆ ಬಂತು. 1834ರಲ್ಲಿ ಮತ್ತೆ ಎದ್ದರು, ಆಗ ಬಹಳ ಜನ ಸತ್ತರು.

ಅಪ್ಪನ ಕೈಯ ತುತ್ತು ಅಲ್ಲೇ ನಿಂತಿತು. "ಇಲ್ಲೂ ಕೂಲಿ ನೇಯ್ಗೆನೇ" ಅಂದ. ತುಸು ಹೊತ್ತಿನ ಮೇಲೆ, "ಆದ್ರೂ ಕೇಳಿದ್ರಲ್ಲ ಇವ್ರು. ನಾವು ಕೇಳಾಕೂ ನಾಚ್ಕೊಂಡ್ವಿ" ಅಂದ. ಅಮ್ಮ ಏನೂ ಹೇಳದೆ ಅವನ ಎಲೆಗೆ ಇನ್ನೊಂದು ಚಪಾತಿ ಇಟ್ಟಳು.

ಸಂಜೆ ನೇಕಾರರ ಮ್ಯೂಸಿಯಂಗೆ ಹೋದೆವು. ಒಬ್ಬ ಹೆಂಗಸು ಹಳೆಯ ಕೈಮಗ್ಗದಲ್ಲಿ ನೇಯ್ದು ತೋರಿಸುತ್ತಿದ್ದಳು. ಮೆಟ್ಟುಹಲಗೆ ಒತ್ತಿದಾಗ ಕಾರ್ಡಿನ ಸರ ಒಂದು ಮಗ್ಗುಲು ಉರುಳಿತು, ಲಾಳಿ ಓಡಿತು, ಹಲಗೆ ಬಡಿಯಿತು. ಅಪ್ಪನ ಬಲಗಾಲು ನೆಲದ ಮೇಲೆ ಅದೇ ತಾಳಕ್ಕೆ ಅಲುಗಿತು. ಅಷ್ಟರಲ್ಲಿ ಒಂದು ಎಳೆ ತುಂಡಾಯಿತು. ಅವಳು ಗಂಟು ಹಾಕಲು ಬಾಗಿದಾಗ ಅಪ್ಪನ ಹೆಬ್ಬೆರಳು, ತೋರುಬೆರಳು ಗಾಳಿಯಲ್ಲೇ ಆ ಗಂಟನ್ನು ಹಾಕಿ ಮುಗಿಸಿದ್ದವು. ಅವಳು ಅದನ್ನು ಕಂಡಳು. ನನ್ನ ಕಡೆ ತಿರುಗಿ ಇವರು ಯಾರು ಎಂದು ಕೇಳಿದಳು.

ನಾನು ಉತ್ತರ ಕೊಡುವ ಮೊದಲೇ ಅಪ್ಪ ಎದೆಯ ಮೇಲೆ ಕೈ ಇಟ್ಟುಕೊಂಡು ಹೇಳಿದ: "ಕನ್ಯು. ಮೊಳಕಾಲ್ಮುರು."

ಅವಳು ಎದ್ದು ನಿಂತು ಜಾಗ ಬಿಟ್ಟಳು. ತುಂಡಾದ ಎಳೆಯ ತುದಿಯನ್ನು ಅಪ್ಪನ ಬೆರಳಿಗೆ ಕೊಟ್ಟಳು.

ಮುಂದಿನ ವರ್ಷ ಅವರಿಬ್ಬರೂ ಮತ್ತೆ ಬರುವುದೆಂದಾಯಿತು. ವೀಸಾ ಅರ್ಜಿ ತುಂಬುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದೆ. ಅಪ್ಪ ಅಮ್ಮನ ಕೈಯಿಂದ ಫೋನ್ ಇಸಿದುಕೊಂಡು, "ಕೆಲ್ಸದ ಹತ್ರ ಸರಿಯಾಗಿ ಬರಿಯಪ್ಪಾ ಈ ಸಲ" ಅಂದ. ಬರೆದೆ.